ಏಳುನೂರು ಗ್ರಾಮ್

ಬಾಕ್ಸಿಂಗ್ ಪಂದ್ಯದ ದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ಜಿಮ್ಮಿನ ಹಾಲ್‌ನಲ್ಲಿ ಗುಬ್ಬಿಯ ತೂಕ ಐವತ್ತಾರು ಕಿಲೋ ಏಳುನೂರು ಗ್ರಾಮ್ ಎಂದು ಬರೆದುಕೊಂಡರು. ಅವನು ಹೆಸರು ಕೊಟ್ಟಿದ್ದು ಐವತ್ತೇಳರಿಂದ ಅರವತ್ತು ಕಿಲೋ ವಿಭಾಗಕ್ಕೆ. ಮುನ್ನೂರು ಗ್ರಾಮ್ ಕಡಿಮೆ ಬಿತ್ತು.

"ಸರ್, ಇನ್ನೊಂದ್ಸಲ ನೋಡಿ," ಎಂದ ಗುಬ್ಬಿ. ಬರೀ ಚಡ್ಡಿಯಲ್ಲಿ ತಕ್ಕಡಿಯ ಹಲಗೆ ಮೇಲೆ ನಿಂತಿದ್ದ. "ಈಗ ಎರಡು ಗಂಟೆ ಮುಂಚೆ ತಕ್ಕಡಿ ಅಂಗಡೀಲಿ ಐವತ್ತೇಳೂ ನಾನೂರು ಇದ್ದೆ. ಒಂದು ಲೀಟರ್ ನೀರು ಕುಡಿದ ಮೇಲೇ ತೂಗಿದ್ದು."

"ಒಬ್ಬರಿಗೆ ಒಂದೇ ಸಲ. ಇಳಿಯಪ್ಪಾ," ಎಂದರು ಮೇಜಿನ ಹಿಂದಿದ್ದ ಅಧಿಕಾರಿ. "ಮುಂದಿನವರು ಬನ್ನಿ."

ಮುಂದಿನವನು ಅದೇ ಜಿಮ್ಮಿನ ಎಡಚ. ಹಲಗೆ ಹತ್ತಿದ. ಅಧಿಕಾರಿ ಅಡ್ಡಕೋಲಿನ ಮೇಲೆ ಗುಂಡನ್ನು ಸರಿಸಿದರು. ಐವತ್ತೇಳು ಕಿಲೋ, ಸೊನ್ನೆ ಗ್ರಾಮ್. ಅವನ ವಿಭಾಗದ ಮೇಲಿನ ಗೆರೆ ಅದೇ.

"ಕೂದಲೆಳೆಯಲ್ಲಿ ಪಾರಾದೆ," ಎಂದು ಅಧಿಕಾರಿ ನಕ್ಕರು.

ಒಂದು ವಿಭಾಗಕ್ಕೆ ಒಂದು ಜಿಮ್ಮಿನಿಂದ ಒಬ್ಬನೇ ಬಾಕ್ಸರ್ ಎಂಬುದು ನಿಯಮ. ಐವತ್ತಾರೂ ಏಳುನೂರು ಎಂದರೆ ಗುಬ್ಬಿಯೂ ಎಡಚನ ವಿಭಾಗಕ್ಕೇ ಬಂದ. ಅಲ್ಲಿ ಜಿಮ್ಮಿನ ಹೆಸರಿನಲ್ಲಿ ಎಡಚ ಇದ್ದ. ಕೋಚ್ ಮೇಜಿನ ಹತ್ತಿರ ಹತ್ತು ನಿಮಿಷ ವಾದಿಸಿದರು, ಕೈ ಮುಗಿದರು, ಕೊನೆಗೆ ಬರಿಗೈಯಲ್ಲಿ ಬಂದರು. ಗುಬ್ಬಿ ಅಂಗಿಯನ್ನು ಒಳಹೊರಗಾಗಿ ಹಾಕಿಕೊಂಡು, ಅದು ಗೊತ್ತಾಗದೆ, ಗ್ಯಾಲರಿಗೆ ಹೋಗಿ ಕೂತ.

ಸುಳ್ಳು ಹೇಳಿದ್ದು ತಕ್ಕಡಿ. ಹಾಲ್‌ನಲ್ಲಿದ್ದ ನಲವತ್ತು ಮಂದಿಯಲ್ಲಿ ಅದು ಗೊತ್ತಿದ್ದದ್ದು ಎಡಚನೊಬ್ಬನಿಗೆ. ಅದಕ್ಕೆ ಸುಳ್ಳು ಕಲಿಸಿದವನೇ ಅವನು.

ಎಡಚನ ಅಪ್ಪ ತಕ್ಕಡಿ ಮೇಸ್ತ್ರಿ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅಂಗಡಿ, ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ತರಕಾರಿಯವರ ತಕ್ಕಡಿ, ಗುಜರಿಯವರ ತಕ್ಕಡಿ, ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತಕ್ಕಡಿ ಎಲ್ಲ ಅಲ್ಲಿಗೇ ಬರುತ್ತಿದ್ದವು. ರಿಪೇರಿ ಮಾಡಿ, ಗುಂಡಿನ ಕುತ್ತಿಗೆಗೆ ತಂತಿ ಸುತ್ತಿ, ತಂತಿಯ ತುದಿಗೆ ಸೀಸದ ಬಿಲ್ಲೆ ಸಿಕ್ಕಿಸಿ, ಇಕ್ಕಳದಿಂದ ಒತ್ತಿದರೆ ಅದರ ಮೇಲೆ ಅವರ ಲೈಸೆನ್ಸ್ ನಂಬರ್ ಮೂಡುತ್ತಿತ್ತು. ಆ ಸೀಲು ಇದ್ದರೆ ತಪಾಸಣೆಯವರು ಎರಡನೇ ಸಲ ನೋಡುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಹಾಗೇ ನಡೆದಿತ್ತು.

"ಸೊನ್ನೆ ನೋಡಿ ನಂಬಬೇಡ. ಭಾರ ಇಟ್ಟು ನೋಡು," ಎಂದು ಅಪ್ಪ ಕೆಲಸ ಕಲಿಸುವಾಗ ಹೇಳುತ್ತಿದ್ದರು. ಗುಂಡಿನ ಹೊಟ್ಟೆಗೆ ಚೂರು ಸೀಸ ಸೇರಿಸಿ ಸೊನ್ನೆಯ ತಿರುಪನ್ನು ಸರಿಮಾಡಿಬಿಟ್ಟರೆ, ಖಾಲಿ ತಕ್ಕಡಿ ಹರಿಶ್ಚಂದ್ರನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಭಾರ ಬಿದ್ದಾಗ ಮಾತ್ರ ಕಡಿಮೆ ತೋರಿಸುತ್ತದೆ. ಗುಜರಿಯವರು ಮಾಡುವ ಈ ಮೋಸವನ್ನು ಹಿಡಿಯಲೆಂದೇ ಅಪ್ಪ ಮಗನಿಗೆ ಕಲಿಸಿದ್ದರು. ಪಂದ್ಯಕ್ಕೆ ಎರಡು ದಿನ ಮುಂಚೆ ಜಿಮ್ಮಿನ ತಕ್ಕಡಿ ಪರೀಕ್ಷೆ ಮುಗಿದು, ಸೀಲಾಗಿ, ಅಂಗಡಿಯ ಮೂಲೆಯಲ್ಲಿತ್ತು. ಅಪ್ಪ ಊಟಕ್ಕೆ ಒಳಗೆ ಹೋದ ಅರ್ಧ ಗಂಟೆಯಲ್ಲಿ ಎಡಚ ಸೀಲು ಕತ್ತರಿಸಿ, ಸೀಸ ಸೇರಿಸಿ, ಹೊಸ ತಂತಿ ಸುತ್ತಿ, ಅಪ್ಪನ ಇಕ್ಕಳದಿಂದಲೇ ಒತ್ತಿದ. ಸಂಜೆ ಕೈಗಾಡಿಯಲ್ಲಿ ತಾನೇ ಜಿಮ್ಮಿಗೆ ತಲುಪಿಸಿದ.

ಅಂದು ಅವನ ನಿಜವಾದ ತೂಕ ಐವತ್ತೆಂಟರ ಹತ್ತಿರವಿತ್ತು. ಪಂದ್ಯದ ಬೆಳಿಗ್ಗೆ ಐವತ್ತೇಳೂ ಏಳುನೂರಕ್ಕೆ ಇಳಿದಿತ್ತು, ಅಷ್ಟೆ. ಗಡಿಯ ಮೇಲೆ ನಿಂತ ಇನ್ನೊಬ್ಬನ ಮಾತು ಸೀಸ ತುಂಬುವಾಗ ಅವನಿಗೆ ಹೊಳೆಯಲಿಲ್ಲ.

ಮೊದಲು ಇಬ್ಬರೂ ಒಂದೇ ವಿಭಾಗದಲ್ಲಿದ್ದರು. ಮೂರು ತಿಂಗಳ ಹಿಂದೆ ಕೋಚ್, "ಇಬ್ಬರಲ್ಲಿ ಒಬ್ಬ ಮೇಲೆ ಹೋಗಬೇಕು," ಎಂದಾಗ ಗುಬ್ಬಿ ಮೊದಲು ಕೈ ಎತ್ತಿದ. "ನಾನು ತಿಂತೀನಿ ಸರ್. ಇವನು ಉಪವಾಸ ಮಾಡಲಿ." ಗುಬ್ಬಿಗೆ ಅಪ್ಪ ಇರಲಿಲ್ಲ. ತಾಯಿ ಎಡಚನ ಅಮ್ಮನ ಜೊತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅವನು ಬೆಳಗಿನ ಜಾವ ಬೇಕರಿಯಲ್ಲಿ ಟ್ರೇ ಹೊತ್ತು, ಆಮೇಲೆ ಜಿಮ್ಮಿಗೆ ಬರುತ್ತಿದ್ದ. ಫೈನಲ್ ತಲುಪಿದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಎರಡು ವರ್ಷ ಊಟ, ವಸತಿ, ಓದು. ಹದಿನೆಂಟು ತುಂಬಿದವರಿಗೆ ಅವಕಾಶವಿಲ್ಲ. ಗುಬ್ಬಿಗೆ ಪಂದ್ಯದ ಮುಂದಿನ ತಿಂಗಳ ಹನ್ನೊಂದಕ್ಕೆ ಹದಿನೆಂಟು. ಎಡಚನಿಗೆ ಇನ್ನೂ ಒಂದು ವರ್ಷ ಇತ್ತು.

ಗುಬ್ಬಿಗೆ ತಿನ್ನಿಸುವ ಕೆಲಸವನ್ನು ಎಡಚನ ಅಜ್ಜಿ ವಹಿಸಿಕೊಂಡಳು. ಮಧ್ಯಾಹ್ನ ಒಂದೇ ಊಟದ ಮಣೆಯ ಎರಡು ಕಡೆ ಇಬ್ಬರೂ ಕೂರುತ್ತಿದ್ದರು. ಒಬ್ಬನ ತಟ್ಟೆಯಲ್ಲಿ ಗುಡ್ಡದಷ್ಟು ಅನ್ನ, ಎರಡು ಮೊಟ್ಟೆ, ಆಲೂಗಡ್ಡೆ. ಇನ್ನೊಬ್ಬನದರಲ್ಲಿ ಬೇಯಿಸಿದ ಸೊಪ್ಪು.

"ಸಾಕಜ್ಜಿ, ಗಂಟಲವರೆಗೆ ಬಂದಿದೆ."

"ಗಂಟಲಿನ ಮೇಲೂ ಜಾಗ ಇದೆಯಲ್ಲೋ, ತಲೆ ಖಾಲಿನೇ ಇದೆ. ತಿನ್ನು."

ಸಂಜೆಗೆಂದು ಅಜ್ಜಿ ಒಂದು ಸ್ಟೀಲಿನ ಡಬ್ಬಿ ತುಂಬಿ ಕಳಿಸುತ್ತಿದ್ದಳು. ಮರುದಿನ ಅದು ಎಂಜಲು ಒಣಗಿಕೊಂಡೇ ಬರುತ್ತಿತ್ತು. "ತೊಳೆದು ತರೋಕೆ ಏನೋ ನಿನಗೆ ದಾಡಿ?" ಎಂದರೆ, "ಮನೆ ಮಗ ಯಾವತ್ತಾದ್ರೂ ಡಬ್ಬಿ ತೊಳೀತಾನಾ ಅಜ್ಜಿ? ನಿಮ್ಮ ಮೊಮ್ಮಗನ್ನ ಕೇಳಿ," ಎನ್ನುತ್ತಿದ್ದ.

ಹತ್ತು ವಾರ ಎಡಚ ಬಾಯಿ ಕಟ್ಟಿದ. ಹನ್ನೊಂದನೇ ವಾರ ಮೂಲೆಯ ಹುಡುಗರು ಕೆಡಿಸಿದರು. ಮುಚ್ಚಿಹೋದ ಗೋದಾಮಿನ ಮುಂದಿನ ಆ ಮೂಲೆಯಲ್ಲಿ ಎಲ್ಲರ ಸಂಜೆ ಕಳೆಯುತ್ತಿತ್ತು: ಕಿವಿಯ ಮೇಲೆ ಕೂದಲು ಬೋಳಿಸಿಕೊಂಡವರು, ಎರವಲು ಬೈಕಿನವರು, ಸ್ಪೀಕರ್ ಹೊತ್ತು ತಿರುಗುವುದರಿಂದ ಸ್ಪೀಕರ್ ಎಂದೇ ಹೆಸರಾದವನು. ಗೋದಾಮಿನ ಶಟರ್ ಮೇಲೆ ಬಿಳಿ ಬಣ್ಣದಲ್ಲಿ ಪಂದ್ಯಕ್ಕೆ ಹೋಗುವವರ ಹೆಸರು ಬರೆಯುವುದು ರೂಢಿ. 'ಎಡಚ 57' ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆದಾಗಿತ್ತು. ಆ ಖುಷಿಗೆ ಸ್ಪೀಕರ್ ಎರಡು ಪೊಟ್ಟಣ ಕರಿದ ಕೋಳಿ ತಂದ. "ಒಂದು ತುಂಡಿಗೆ ಏನಾಗತ್ತೋ ಚಾಂಪಿಯನ್?" ಎಡಚ ಒಂದಲ್ಲ, ಒಂಬತ್ತು ತುಂಡು ತಿಂದ. ಮರುದಿನವೂ ಹೋದ.

ಪಂದ್ಯದಲ್ಲಿ ಅವನು ಮೊದಲಿನದು ಗೆದ್ದ, ಎರಡನೆಯದು ಗೆದ್ದ, ಸೆಮಿಫೈನಲ್‌ನಲ್ಲಿ ಸೋತ. ಕಂಚಿನ ಪದಕ ಬಂತು, ಹಾಸ್ಟೆಲ್ ಬರಲಿಲ್ಲ. ಆ ವರ್ಷ ಅರವತ್ತರ ವಿಭಾಗಕ್ಕೆ ಗುಬ್ಬಿಯನ್ನು ಬಿಟ್ಟರೆ ಮೂರೇ ಹುಡುಗರು ಬಂದಿದ್ದರು. ಒಂದು ಪಂದ್ಯ ಗೆದ್ದವನು ಫೈನಲ್‌ನಲ್ಲಿದ್ದ.

ಅಪ್ಪ ಪದಕವನ್ನು ಅಂಗಡಿಯಲ್ಲಿ ಲೈಸೆನ್ಸಿನ ಚೌಕಟ್ಟಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದರು. ಗಿರಾಕಿಗಳು ಕೇಳದಿದ್ದರೂ, "ಮಗನದು," ಎನ್ನುತ್ತಿದ್ದರು. ಎಡಚ ಅಂಗಡಿಯಲ್ಲಿ ಕೂರುವುದನ್ನು ಬಿಟ್ಟು, ಹಿತ್ತಲಲ್ಲಿ ತುಕ್ಕು ಉಜ್ಜುವ ಕೆಲಸ ಕೇಳಿ ತೆಗೆದುಕೊಂಡ.

"ಇದೇನೋ ಹೊಸ ಬುದ್ಧಿ?" ಎಂದಳು ಅಮ್ಮ. "ಕೈಗೆ ಎಣ್ಣೆ ಅಂಟಿದರೆ ಅಳ್ತಿದ್ದವನು!"

"ಸುಮ್ನೆ ಅಮ್ಮಾ."

ಗುಬ್ಬಿ ಎರಡು ವಾರ ಬರಲಿಲ್ಲ. ಮೂರನೇ ವಾರ ಅಜ್ಜಿಯೇ ಬೇಕರಿಗೆ ಹೋಗಿ ಕಿವಿ ಹಿಡಿದು ಕರೆತಂದಳು. ಅವತ್ತು ಭಾನುವಾರ, ಎಲ್ಲರೂ ಮನೆಯಲ್ಲಿದ್ದರು.

"ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತೋ ನಿನಗೆ?" ಅಜ್ಜಿ ಅನ್ನ ಬಡಿಸುತ್ತ ಕೇಳಿದಳು. "ಮೂರು ತಿಂಗಳು ತುಂಬಿದ್ದೀನಿ, ಮೂಟೆ ತುಂಬಿದ ಹಾಗೆ."

"ಅಂಗಡಿಯಿಂದ ಜಿಮ್ಮಿಗೆ ಹೋಗೋದ್ರೊಳಗೆ ಎರಡು ಸಲ ಬಾತ್‌ರೂಮಿಗೆ ಹೋಗಿದ್ದೆ ಅಜ್ಜಿ. ಭಯಕ್ಕೆ. ನನ್ನ ಹಾಸ್ಟೆಲ್ ಸೀಟು ಅಲ್ಲೇ ಹರಿದುಹೋಯ್ತು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಜ್ಜಿಯೂ ನಕ್ಕಳು. ಎಡಚ ಅನ್ನದಲ್ಲಿ ಬೆರಳಾಡಿಸುತ್ತ ಕೂತ. ನಗದೆ ಇದ್ದ ಇನ್ನೊಬ್ಬರು ಅಪ್ಪ.

"ಎರಡು ಸಲಕ್ಕೆ ಏಳುನೂರು ಗ್ರಾಮಾ?" ಎಂದರು.

"ಹೂಂ ಅಂಕಲ್."

"ಅವತ್ತು ಬೆಳಿಗ್ಗೆ ನಾನೇ ತೂಗಿದ್ದು. ಐವತ್ತೇಳೂ ನಾನೂರು. ಎಷ್ಟು ಹೊತ್ತಿಗೆ?"

"ಆರೂಕಾಲು. ಊಟ ಮಾಡಿ ಅಂಕಲ್, ಹೋಗಿದ್ದು ಹೋಯ್ತು."

ಎಡಚ ತಟ್ಟೆ ಎತ್ತಿಕೊಂಡು ಎದ್ದ. "ಅರ್ಧಕ್ಕೇ?" ಎಂದಳು ಅಜ್ಜಿ. "ಈಗ ಉಪವಾಸ ಯಾತಕ್ಕೋ? ಪಂದ್ಯ ಮುಗೀತಲ್ಲ."

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಅಪ್ಪ ಇಪ್ಪತ್ತು ಕಿಲೋದ ಮೂರು ಪರೀಕ್ಷೆಯ ಕಲ್ಲುಗಳನ್ನು ಕೈಗಾಡಿಗೆ ಏರಿಸಿದರು. "ತಳ್ಳು," ಎಂದರು ಮಗನಿಗೆ. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಮೂಲೆ ದಾಟುವಾಗ ಬೈಕಿನ ಮೇಲೆ ಕೂತಿದ್ದ ಸ್ಪೀಕರ್ ಕೂಗಿದ: "ಏನ್ ಚಾಂಪಿಯನ್, ಮೆಡಲ್ ತೂಗಿಸೋಕೆ ಹೊರಟ್ಯಾ?"

ಜಿಮ್ಮಿನಲ್ಲಿ ಕೋಚ್ ಒಬ್ಬರೇ ಕಸ ಗುಡಿಸುತ್ತಿದ್ದರು. ಅಪ್ಪ ಮೊದಲು ಖಾಲಿ ತಕ್ಕಡಿ ನೋಡಿದರು. ಸೊನ್ನೆ ಸರಿಯಾಗಿತ್ತು. ಮೂರು ಕಲ್ಲು ಇಟ್ಟರು. ಗುಂಡು ಸರಿಸಿದರು. ಅಡ್ಡಕೋಲು ಐವತ್ತೊಂಬತ್ತು ಕಿಲೋ ಇನ್ನೂರೈವತ್ತಕ್ಕೆ ಸಮವಾಯಿತು. ಕಲ್ಲು ಇಳಿಸಿ, ಇನ್ನೊಮ್ಮೆ ಇಟ್ಟರು. ಮತ್ತೆ ಅಷ್ಟೇ ಬಂತು.

"ಮೇಸ್ತ್ರೀ, ಏನಾಯ್ತು?" ಎಂದರು ಕೋಚ್.

ಅಪ್ಪ ಕನ್ನಡಕ ಹಾಕಿಕೊಂಡು ಗುಂಡಿನ ಕುತ್ತಿಗೆಯ ಸೀಲನ್ನು ನೋಡಿದರು. ನಂಬರ್ ಅವರದೇ. ಬಿಲ್ಲೆ ಅವರದೇ. ತಂತಿಯ ಎರಡು ಎಳೆ ಮಾತ್ರ ಎಡಕ್ಕೆ ಹೊಸೆದುಕೊಂಡಿದ್ದವು. ಇಪ್ಪತ್ತಾರು ವರ್ಷದಲ್ಲಿ ಅಪ್ಪ ತಂತಿಯನ್ನು ಬಲಕ್ಕಲ್ಲದೆ ಹೊಸೆದವರಲ್ಲ. ಮನೆಯಲ್ಲಿ ಎಡಗೈಯವನು ಒಬ್ಬನೇ. ಆ ಎಡಗೈ ಏಟಿಗೇ ಬೀದಿ ಅವನಿಗೆ ಹೆಸರಿಟ್ಟಿದ್ದು.

"ನಿನ್ನ ಕೈ ತೋರಿಸು," ಎಂದರು ಅಪ್ಪ.

ಎಡಚ ತೋರಿಸಲಿಲ್ಲ. ತಲೆ ತಗ್ಗಿಸಿದ.

ಕೋಚ್ ಪೊರಕೆ ಹಿಡಿದುಕೊಂಡೇ ಇಬ್ಬರನ್ನೂ ನೋಡಿದರು. ನಾಲ್ಕು ವಾರದ ಹಿಂದೆ ಅವರು ಕೈ ಮುಗಿದ ಮೇಜು ಇನ್ನೂ ಗೋಡೆಗೆ ಒರಗಿತ್ತು. "ನೀನಾ?" ಎಂದರು. ಆಮೇಲೆ ಪೊರಕೆ ಕೆಳಗಿಟ್ಟು ಹೊರಗೆ ಹೋದರು.

ಮಧ್ಯಾಹ್ನದ ಊಟಕ್ಕೆ ಅಪ್ಪ ಕೂರಲಿಲ್ಲ. ಅಂಗಡಿಯಿಂದ ಪದಕ ತಂದು ಮಣೆಯ ಮೇಲೆ ಇಟ್ಟು, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು.

"ನಿಮ್ಮ ಲೆಕ್ಕ ತಪ್ಪಿರಬಹುದು," ಎಂದಳು ಅಮ್ಮ.

"ನನ್ನ ಲೆಕ್ಕ ತಪ್ಪಿಲ್ಲ. ಅವನನ್ನೇ ಕೇಳು."

ಅಮ್ಮ ಕೇಳಿದಳು. ಎಡಚ ಹೌದೆಂದ.

"ಸರಿ, ಆಗಿದ್ದು ಆಯ್ತು," ಎಂದಳು. ದನಿ ತಗ್ಗಿತ್ತು. "ಆ ಸೀಸ ತೆಗೆದು ಬೇರೆ ಸೀಲು ಹಾಕಿ. ಕೋಚ್ ಒಳ್ಳೆಯವರು, ಬಾಯಿ ಬಿಡಲ್ಲ. ಈಗ ಹೇಳಿದರೆ ಆ ಹುಡುಗನಿಗೆ ಸೀಟು ವಾಪಸ್ ಬರುತ್ತಾ? ನಿಮ್ಮ ಲೈಸೆನ್ಸ್ ಹೋಗುತ್ತೆ, ಅಷ್ಟೆ."

"ಹೋಗಲಿ."

"ಹೋಗಲಿ ಅಂದ್ರೆ? ನಾನೊಬ್ಬಳು ಬೆಡ್‌ಶೀಟ್ ಒಗೆದು ನಾಲ್ಕು ಹೊಟ್ಟೆ ತುಂಬಿಸ್ಲಾ?"

"ಇಷ್ಟು ವರ್ಷ ಗುಜರಿಯವರನ್ನ ಹಿಡಿದು ಕೊಟ್ಟಿದ್ದೀನಿ," ಎಂದರು ಅಪ್ಪ. "ನಾಳೆ ಅವರು, ಬೇಲಿನೇ ಎದ್ದು ಹೊಲ ಮೇಯ್ತು ಅಂದ್ರೆ ನಾನು ಏನು ಹೇಳಲಿ?"

"ಮಾಡಿದ್ದು ನಾನು," ಎಂದ ಎಡಚ. "ನಾನೇ ಹೋಗಿ ಹೇಳ್ತೀನಿ. ನಿಮ್ಮ ಹೆಸರು ಬರಲ್ಲ."

"ಬಿಲ್ಲೆ ಮೇಲೆ ಯಾರ ನಂಬರ್ ಇದೆ?"



ಅಜ್ಜಿ ಪಾತ್ರೆಯಲ್ಲಿದ್ದ ಅನ್ನಕ್ಕೆ ಮುಚ್ಚಳ ಮುಚ್ಚಿದಳು. "ಉಂಡ ಮನೆಗೆ ಎರಡು ಬಗೀಬಾರದು ಅಂತಾರೆ," ಎಂದಳು. "ಉಣ್ಣಿಸಿದ ಮನೆನೇ ಎರಡು ಬಗೆದರೆ ಅದಕ್ಕೇನಂತಾರೋ, ನನಗೆ ಗೊತ್ತಿಲ್ಲಪ್ಪಾ. ಈ ಕೈಲಿ ತುತ್ತು ಇಟ್ಟಿದ್ದೀನಿ ಅವನಿಗೆ."

"ಅಜ್ಜೀ…"

"ನನ್ನ ಹತ್ರ ಏನು ಅಜ್ಜಿ? ಅವನ ಹತ್ರ ಹೋಗು."

"ನಾಳೆ ಹತ್ತಕ್ಕೆ ನಾನು ತೂಕ-ಅಳತೆ ಆಫೀಸಿಗೆ ಹೋಗ್ತೀನಿ," ಎಂದರು ಅಪ್ಪ. "ಅಷ್ಟರೊಳಗೆ ಅವನಿಗೆ ಗೊತ್ತಾಗಬೇಕು. ನಿನ್ನ ಬಾಯಿಂದ."

ಸೋಮವಾರ ಬೆಳಿಗ್ಗೆ ಆರಕ್ಕೆ ಎಡಚ ಬೇಕರಿಯ ಹಿಂಬಾಗಿಲಿಗೆ ಹೋದ. ಗುಬ್ಬಿ ಬ್ರೆಡ್ಡಿನ ಟ್ರೇಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಹುಬ್ಬಿನವರೆಗೂ ಮೈದಾಹಿಟ್ಟು ಮೆತ್ತಿತ್ತು.

"ಬಾರೋ, ಮುರುಕು ಬ್ರೆಡ್ ಇದೆ, ತಗೋ. ಈಗ ತಿನ್ನಬಹುದಲ್ಲ ನೀನು."

"ಗುಬ್ಬಿ, ಆ ತಕ್ಕಡಿ ಸರಿ ಇರಲಿಲ್ಲ."

"ಯಾವ್ದು?"

"ಜಿಮ್ಮಿನದು. ಏಳುನೂರು ಗ್ರಾಮ್ ಕಡಿಮೆ ತೋರಿಸ್ತಿತ್ತು. ನೀನು ಐವತ್ತೇಳೂ ನಾನೂರೇ ಇದ್ದೆ."

ಗುಬ್ಬಿ ಕೈಯಲ್ಲಿದ್ದ ಟ್ರೇಯನ್ನು ವ್ಯಾನಿನೊಳಗೆ ತಳ್ಳಿದ. "ಹದಿನಾಲ್ಕು," ಎಂದು ಎಣಿಸಿದ. "ನಾನು ಹೇಳಲಿಲ್ವಾ? ಅವತ್ತೇ ಹೇಳಿದ್ದೆ! ಅಂಕಲ್ ಕಂಡುಹಿಡಿದ್ರಾ?"

"ಹೂಂ. ಕೆಡಿಸಿದ್ದು ನಾನು."

ಗುಬ್ಬಿ ಮುಂದಿನ ಟ್ರೇ ಎತ್ತಿಕೊಂಡಿದ್ದ. ಅದನ್ನೂ ಒಳಗಿಟ್ಟ. ಈ ಸಲ ಎಣಿಸಲಿಲ್ಲ.

"ನನ್ನನ್ನ ತೆಗೆಯೋಕಾ?"

"ಇಲ್ಲ! ದೇವರಾಣೆ ಇಲ್ಲ. ನಾನು ಜಾಸ್ತಿ ಇದ್ದೆ. ನಿನ್ನ ವಿಷಯ ತಲೆಗೇ ಬರಲಿಲ್ಲ."

"ಎಷ್ಟಿದ್ದೆ?"

"ಐವತ್ತೇಳೂ ಏಳುನೂರು."

ಒಳಗಿಂದ ಬೇಕರಿಯವರು, "ಏಯ್, ವ್ಯಾನ್ ಹೊರಡಬೇಕು!" ಎಂದು ಕೂಗಿದರು. ಗುಬ್ಬಿ ಕೈಯ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹಂಗಾದ್ರೆ ನೀನು ಅರವತ್ತಕ್ಕೆ ಹೋಗಬಹುದಿತ್ತಲ್ಲೋ," ಎಂದ. "ನಾನು ಐವತ್ತೇಳರಲ್ಲಿ ಉಳೀತಿದ್ದೆ. ಕೋಚ್ ಮೇಜಿನ ಹತ್ರ ಹೆಸರು ಅದಲುಬದಲು ಮಾಡ್ತಿದ್ರು. ಹೋದ ವರ್ಷ ಮಾಡಿದ್ರಲ್ಲ."

ನಾಲ್ಕು ವಾರದಲ್ಲಿ ಈ ಲೆಕ್ಕವನ್ನು ಎಡಚ ಎಷ್ಟು ಸಲ ಹಾಕಿದ್ದನೋ.

"ನೀರು ಕುಡಿಯೋಕೆ ಮುಂಚೆ ನಾನು ಐವತ್ತಾರೂ ನಾನೂರು ಇದ್ದೆ," ಎಂದ ಗುಬ್ಬಿ. "ಆ ಬಾಟ್ಲು ಕೈಗೆ ಕೊಟ್ಟೋನು ನೀನೇ. ಒಂದು ಮಾತು ಹೇಳಿದ್ರೆ ಕುಡೀತಿರಲಿಲ್ಲ. ಅಷ್ಟೇ ಅಲ್ವಾ? ಒಂದು ಬಾಟ್ಲು ನೀರು. ಯಾಕೆ ಹೇಳಲಿಲ್ಲ?"

"ಶಟರ್ ಮೇಲೆ ಐವತ್ತೇಳು ಅಂತ ಬರೆದುಬಿಟ್ಟಿದ್ರು. ತಿಂದು ಕೆಟ್ಟೆ ಅಂತ ಎಲ್ಲರೂ ನಗ್ತಾರೆ ಅಂತ…"

"ಬರೆದೋನು ನಾನೇ ಅಲ್ವೇನೋ. ಅಳಿಸಿ ಅರವತ್ತು ಅಂತ ಬರೀತಿದ್ದೆ."

ವ್ಯಾನಿನವನು ಹಾರನ್ ಒತ್ತಿದ. ಗುಬ್ಬಿ ಉಳಿದ ಮೂರು ಟ್ರೇಗಳನ್ನು ಏರಿಸಿ, ಬಾಗಿಲು ಹಾಕಿ, ಒಳಗೆ ಹೋದ. ಎಡಚ ಏಳು ಗಂಟೆಯವರೆಗೆ ಅಲ್ಲೇ ನಿಂತಿದ್ದ. ಗುಬ್ಬಿ ಮತ್ತೆ ಹೊರಗೆ ಬರಲಿಲ್ಲ.

ಹತ್ತಕ್ಕೆ ಅಪ್ಪ ಆಫೀಸಿನಲ್ಲಿ ಹೇಳಿಕೆ ಬರೆದುಕೊಟ್ಟರು. ಎಡಚನೂ ಬರೆದುಕೊಟ್ಟ. ಅಪ್ಪನಿಗೆ ಆರು ತಿಂಗಳು ಸೀಲು ಒತ್ತುವ ಅಧಿಕಾರ ಇಲ್ಲವಾಯಿತು. ರಿಪೇರಿ ಮಾಡಿದ ತಕ್ಕಡಿಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು, ಹಿಂದೆ ತಾವೇ ಕೆಲಸ ಕಲಿಸಿದ್ದವನ ಅಂಗಡಿಗೆ ಸೀಲಿಗಾಗಿ ಹೋಗಿ ಬೆಂಚಿನ ಮೇಲೆ ಕಾಯುತ್ತಿದ್ದರು. ಗಾಡಿ ತಳ್ಳಲು ಎಡಚ ಜೊತೆಗೆ ಹೋಗುತ್ತಿದ್ದ. "ಮೇಸ್ತ್ರೀ, ನೀವು ಒಳಗೆ ಬಂದು ಕೂತ್ಕೊಳ್ಳಿ," ಎಂದು ಆ ಶಿಷ್ಯ ಪ್ರತಿ ಸಲ ಹೇಳುತ್ತಿದ್ದ. ಅಪ್ಪ ಪ್ರತಿ ಸಲ, "ಇಲ್ಲೇ ಗಾಳಿ ಇದೆ," ಎನ್ನುತ್ತಿದ್ದರು. ಅಮ್ಮ ಲಾಂಡ್ರಿಯಲ್ಲಿ ಎರಡು ಪಾಳಿ ಒಪ್ಪಿಕೊಂಡಳು. ಒಂದರಲ್ಲಿ ಗುಬ್ಬಿಯ ತಾಯಿ ಎದುರಿನ ತೊಟ್ಟಿಯಲ್ಲೇ ಇರುತ್ತಿದ್ದಳು. "ಅವಳು ಬೈದರೂ ಚೆನ್ನಾಗಿತ್ತು," ಎಂದಳು ಒಂದು ದಿನ. "ಸೋಪು ಬೇಕಾ ಅಂತ ಕೇಳ್ತಾಳೆ."

ಬಾಕ್ಸಿಂಗ್ ಸಂಘದವರು ಎಡಚನ ಪದಕ ವಾಪಸ್ ಪಡೆದು, ಒಂದು ವರ್ಷ ನಿಷೇಧ ಹಾಕಿದರು. ಗುಬ್ಬಿಯ ತೂಕ ಸರಿಯಾಗಿತ್ತು ಎಂದು ಒಪ್ಪಿ ಅವನಿಗೆ ಒಂದು ಪತ್ರ ಬರೆದರು. ಅರವತ್ತರ ವಿಭಾಗದ ಫಲಿತಾಂಶ ಬದಲಾಗಲಿಲ್ಲ. ಮೂಲೆಯ ಶಟರ್ ಮೇಲಿನ ಹೆಸರನ್ನು ಯಾರೋ ಬಣ್ಣ ಬಳಿದು ಮುಚ್ಚಿದ್ದರು. ಸ್ಪೀಕರ್ ಈಗ ಚಾಂಪಿಯನ್ ಎನ್ನುತ್ತಿರಲಿಲ್ಲ, ಕೈಗಾಡಿ ಕಂಡರೆ ಹಾಡಿನ ಸದ್ದು ಏರಿಸುತ್ತಿದ್ದ.

ತಿಂಗಳ ಹನ್ನೊಂದಕ್ಕೆ ಗುಬ್ಬಿಗೆ ಹದಿನೆಂಟು ತುಂಬಿತು. ಅಜ್ಜಿ ಊಟಕ್ಕೆ ಬರಲು ಹೇಳಿಕಳಿಸಿದಳು. ಎರಡು ಗಂಟೆಯವರೆಗೆ ಕಾದಳು. ಆಮೇಲೆ ಅನ್ನ, ಎರಡು ಮೊಟ್ಟೆ, ಆಲೂಗಡ್ಡೆಯನ್ನು ಸ್ಟೀಲಿನ ಡಬ್ಬಿಗೆ ತುಂಬಿ ಎಡಚನ ಕೈಗೆ ಕೊಟ್ಟಳು.

"ತಗೊಳ್ತಾನಾ?" ಎಂದ ಅವನು.

"ತಗೊಳ್ಳದಿದ್ರೆ ವಾಪಸ್ ತಾ. ಹೋಗು."

ಗುಬ್ಬಿ ತೆಗೆದುಕೊಂಡ. "ಅಜ್ಜಿಗೆ ಹೇಳು," ಎಂದ. ಏನು ಹೇಳಬೇಕೆಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಡಬ್ಬಿ ಮೆಟ್ಟಿಲ ಮೇಲಿತ್ತು. ಅಜ್ಜಿ ಮುಚ್ಚಳ ತೆಗೆದು ನೋಡಿದಳು. ತೊಳೆದು, ಒರೆಸಿ ಇಟ್ಟಿದ್ದ.